ದೂರೇರು: ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯಲ್ಲಿ ನಾವು ಕೆಲವರು ಸೇರಿ ಕಟ್ಟುತ್ತಿರುವ ಕಥಾಸರಣಿಯಲ್ಲಿ ದೂರೇರು ಎಂಬ ಅಲೆಮಾರಿ ಜೀವಿಗಳು ಬರುತ್ತಾರೆ. ಮನುಷ್ಯರು ಅಳೆದು ನಕ್ಷೆ ಬರೆದಿಟ್ಟ ಆಕಾಶದ ಆಚೆಗೆ ಇವರ ಓಡಾಟ. ಶಾಲೆಗಳಲ್ಲಿ ಕಥೆ ಓದಿದಾಗ, ಗ್ರಂಥಾಲಯದ ಕಟ್ಟೆಯ ಮೇಲೆ, ಒಮ್ಮೊಮ್ಮೆ ಕೊಪ್ಪಳದ ಬಸ್ಸಿನಲ್ಲೂ ಜನ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇವೆ. ಕೇಳಿದವರ ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇವೆ. ಕಥೆಯ ಮುಂದಿನ ತಿರುವುಗಳನ್ನು ಮಾತ್ರ ಬಿಟ್ಟುಕೊಟ್ಟಿಲ್ಲ.

ದೂರೇರು ಖರೇನ ಅದಾರೇನ್ರಿ?

ಇಲ್ಲ. ದೂರೇರು, ಅವರನ್ನು ಹುಡುಕಿಕೊಂಡು ಹೋಗುವ ಮನುಷ್ಯರು, ಆ ಮನುಷ್ಯರು ಹಾಕಿಕೊಂಡ ಇಪ್ಪತ್ತು ಜ್ಯೋತಿರ್ವರ್ಷದ ಗಡಿ, ಇವಿಷ್ಟೂ ಕಲ್ಪನೆ. ಅವರ ಸುತ್ತಲಿನ ನಕ್ಷತ್ರ, ಹಿಮ, ವಿಕಿರಣ ಎಲ್ಲ ನಿಜದ್ದು. ಕಲ್ಪನೆಗೆ ಹಗ್ಗ ಬಿಗಿದಷ್ಟೂ ಅದು ಚೆನ್ನಾಗಿ ನಡೆಯುತ್ತದೆ ಎಂಬುದು ನಮ್ಮ ನಂಬಿಕೆ.

ಈ ಹೆಸರು ಎಲ್ಲಿಂದ ಬಂತು?

ಹಿರೇಬೆಣಕಲ್ಲಿನ ಬೆಟ್ಟದಿಂದ. ಅಲ್ಲಿ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ನೂರಾರು ಶಿಲಾಸಮಾಧಿಗಳಿವೆ. ಊರವರಿಗೆ ಅವು ಮೋರೇರ ಮನೆಗಳು; ಕಟ್ಟಿದವರು ಗಿಡ್ಡ ಜನ ಎಂಬುದು ಹಿರಿಯರ ಮಾತು. 2021ರಲ್ಲಿ ಈ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಬೆಟ್ಟ ನೋಡಲು ಬಂದಿದ್ದ ಶಾಲೆಯ ಹುಡುಗಿಯೊಬ್ಬಳು, "ಇವರು ಮೋರೇರು ಆದ್ರ ನಿಮ್ಮ ಕಥೀ ಮಂದಿ ದೂರೇರು" ಎಂದಳು. ಅದಕ್ಕಿಂತ ಒಳ್ಳೆಯ ಹೆಸರು ನಮಗೆ ಹೊಳೆಯಲಿಲ್ಲ.

ನಕ್ಷೆಯ ಆಚೆ ಅಂದರೆ ಎಷ್ಟು ದೂರ?

ಮೊದಲು ಇವತ್ತಿನ ಲೆಕ್ಕ. 1977ರ ಸೆಪ್ಟೆಂಬರ್ 5ರಂದು ಹೊರಟ ವಾಯೇಜರ್ 1 ಮನುಷ್ಯ ಕಳಿಸಿದ ವಸ್ತುಗಳಲ್ಲೆಲ್ಲ ಅತಿ ದೂರ ಹೋಗಿರುವುದು. ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಓಡಿಯೂ ಸೂರ್ಯನ ಗಾಳಿಯ ಎಲ್ಲೆ ದಾಟಲು ಅದಕ್ಕೆ 2012ರ ಆಗಸ್ಟ್ ಬೇಕಾಯಿತು. ಅದರ ಸಂದೇಶ ನಮಗೆ ತಲುಪಲು 23 ಗಂಟೆಗೂ ಹೆಚ್ಚು ಹಿಡಿಯುತ್ತದೆ. ಇಷ್ಟಾದರೂ ಅದು ಸೂರ್ಯನ ಸೀಮೆ ಬಿಟ್ಟಿದೆ ಎನ್ನುವಂತಿಲ್ಲ. ಸೂರ್ಯನ ಸುತ್ತ ಬಹುದೂರದವರೆಗೆ ಹಿಮದ ಉಂಡೆಗಳ ಒಂದು ದೊಡ್ಡ ಗೋಳವಿದೆ, ಅದಕ್ಕೆ ಊರ್ಟ್ ಮೋಡ ಎನ್ನುತ್ತಾರೆ. ಅದರ ಒಳ ಅಂಚು ಮುಟ್ಟಲು ವಾಯೇಜರ್‌ಗೆ ಇನ್ನೂ ಸುಮಾರು 300 ವರ್ಷ, ದಾಟಿ ಹೊರಬೀಳಲು 30,000 ವರ್ಷ ಬೇಕು ಎಂಬುದು ನಾಸಾದ ಅಂದಾಜು.

ನಮ್ಮ ಕಥೆ ನಡೆಯುವ ಹೊತ್ತಿಗೆ ಮನುಷ್ಯರ ನೌಕೆಗಳು ಇಪ್ಪತ್ತು ಜ್ಯೋತಿರ್ವರ್ಷದವರೆಗೆ ಹೋಗಿಬಂದಿವೆ. ಅದರಾಚೆಗೆ ನಕ್ಷೆಯಲ್ಲಿ 'ಖಾಲಿ' ಎಂದು ಬರೆದಿದ್ದಾರೆ. ದೂರೇರ ಈಗಿನ ಬಿಡಾರ ಗ್ಲೀಸೆ 710 ಎಂಬ ನಕ್ಷತ್ರದ ಸುತ್ತಲಿನ ಹಿಮಮೋಡದಲ್ಲಿ. ಆ ನಕ್ಷತ್ರ ನಿಜವಾದದ್ದು. ನಮ್ಮಿಂದ ಸುಮಾರು 62 ಜ್ಯೋತಿರ್ವರ್ಷ ದೂರ. ಅದರ ಸುತ್ತ ಮೋಡವಿದೆ ಎಂದದ್ದು ನಾವು.

ಬೆಳಕಿಗಿಂತ ಜೋರಾಗಿ ಹೋಗ್ತಾರಾ?

ಇಲ್ಲ. ಈ ಪ್ರಶ್ನೆ ಬಂದಷ್ಟು ಸಲ ಬೇರೆ ಯಾವುದೂ ಬಂದಿಲ್ಲ. ಗುಂಡಿ ಒತ್ತಿದರೆ ಬೇರೆ ನಕ್ಷತ್ರದ ಬಳಿ ಇಳಿಯುವಂತಿದ್ದರೆ ಅವರು ಅಲೆಮಾರಿಗಳಾಗುತ್ತಿರಲಿಲ್ಲ, ಪ್ರವಾಸಿಗರಾಗುತ್ತಿದ್ದರು.

ಹಾಗಾದರೆ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹೇಗೆ?

ಅವರು ನಕ್ಷತ್ರದ ಕಡೆ ಹೋಗುವುದಿಲ್ಲ. ನಕ್ಷತ್ರ ತಮ್ಮ ಕಡೆ ಬರುವುದನ್ನು ಕಾಯುತ್ತಾರೆ.

ನಮ್ಮ ಕಣ್ಣಿಗೆ ನಕ್ಷತ್ರಗಳು ನಿಂತಲ್ಲೇ ನಿಂತಂತೆ ಕಂಡರೂ ಎಲ್ಲವೂ ಓಡುತ್ತಲೇ ಇವೆ. ಓಡುವಾಗ ಒಂದರ ಮೋಡ ಇನ್ನೊಂದರ ಮೋಡಕ್ಕೆ ತಾಗುವುದೂ ಉಂಟು. 2013ರಲ್ಲಿ ಕಂಡುಹಿಡಿದ ಶೋಲ್ಜ್ ನಕ್ಷತ್ರ ಸುಮಾರು 70,000 ವರ್ಷಗಳ ಹಿಂದೆ ಸೂರ್ಯನಿಂದ ಒಂದು ಜ್ಯೋತಿರ್ವರ್ಷಕ್ಕೂ ಕಡಿಮೆ ದೂರದಲ್ಲಿ, ಅಂದರೆ ನಮ್ಮ ಊರ್ಟ್ ಮೋಡದ ಹೊರಭಾಗದಲ್ಲೇ ಹಾದುಹೋಯಿತು. ಗ್ಲೀಸೆ 710 ಸುಮಾರು 13 ಲಕ್ಷ ವರ್ಷಗಳ ನಂತರ ಇನ್ನೂ ಹತ್ತಿರ, 0.17 ಜ್ಯೋತಿರ್ವರ್ಷದಷ್ಟು ಸಮೀಪ ಬರಲಿದೆ. ಇಂಥ ಲೆಕ್ಕಗಳು ಇಷ್ಟು ನಿಖರವಾದದ್ದು 2013ರಲ್ಲಿ ಹಾರಿದ ಗಾಯಾ ದೂರದರ್ಶಕದಿಂದ.

ಎಲ್ಲ ನಕ್ಷತ್ರವೂ ದೂರೇರಿಗೆ ಒಗ್ಗುವುದಿಲ್ಲ. ಶೋಲ್ಜ್ ಸೆಕೆಂಡಿಗೆ 80 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಬಂದು ಹೋಯಿತು, ಅಂಥದ್ದನ್ನು ಹತ್ತಲು ಯಾರಿಂದಲೂ ಆಗದು. ಗ್ಲೀಸೆಯದು ಸುಮಾರು 14 ಕಿ.ಮೀ. ಅದನ್ನು ಅವರು ಕವಣೆಯಿಂದ ಸರಿದೂಗಿಸುತ್ತಾರೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಬೀಸುತ್ತಿದ್ದ ಕವಣೆಯ ತತ್ವವೇ. ಎರಡು ಹಿಮದ ಉಂಡೆಗಳ ನಡುವೆ ಸಾವಿರಾರು ಕಿ.ಮೀ. ಉದ್ದದ ನಾರು ಕಟ್ಟಿ ತಿರುಗಿಸಿ, ಸರಿಯಾದ ಕ್ಷಣಕ್ಕೆ ಬಿಡುತ್ತಾರೆ. ಮುಂದಿನ ಗುಂಪು ತನ್ನ ಕವಣೆಯಲ್ಲಿ ಹಿಡಿದು ಇನ್ನಷ್ಟು ವೇಗ ಕೊಟ್ಟು ಮತ್ತೆ ಬಿಡುತ್ತದೆ. ಒಂದು ಕೈ ತಪ್ಪಿದರೆ ಮುಗಿಯಿತು. ಆದ್ದರಿಂದ ಎದುರು ಗುಂಪಿನೊಂದಿಗೆ ಎಂಥ ಜಗಳವಿದ್ದರೂ ಕವಣೆ ಹಿಡಿಯುವ ಹೊತ್ತಿಗೆ ಅದನ್ನು ಎತ್ತುವಂತಿಲ್ಲ. ಮೂರನೇ ಕಥೆಯ ಗಂಟು ಇರುವುದೇ ಇಲ್ಲಿ.

ಏನ್ ತಿಂತಾರ್ರಿ ಅವರು, ಬರೀ ಐಸ್ ಅಲ್ಲಾ?

ಹಟ್ಟಿ ಚಿನ್ನದ ಗಣಿಯ ಕಡೆಯ ಹುಡುಗನ ಪ್ರಶ್ನೆ ಇದು. ಉತ್ತರವೂ ಚಿನ್ನದ ಗಣಿಯಲ್ಲೇ ಸಿಗುತ್ತದೆ, ಹಟ್ಟಿಯದರಲ್ಲಿ ಅಲ್ಲ, ದಕ್ಷಿಣ ಆಫ್ರಿಕಾದ ಎಂಪೊನೆಂಗ್‌ನಲ್ಲಿ. ಅಲ್ಲಿ ನೆಲದಡಿ 2.8 ಕಿ.ಮೀ. ಆಳದ ನೀರಿನಲ್ಲಿ ಸಿಕ್ಕ ಡೆಸಲ್ಫೊರುಡಿಸ್ ಆಡಾಕ್ಸ್‌ವಿಯೇಟರ್ ಎಂಬ ಬ್ಯಾಕ್ಟೀರಿಯಾದ ವಿವರ 2008ರಲ್ಲಿ ಪ್ರಕಟವಾಯಿತು. ಅದಕ್ಕೆ ಬಿಸಿಲು ಬೇಡ, ಗಾಳಿ ಬೇಡ, ಜೊತೆಗೆ ಬೇರೆ ಜೀವಿಯೂ ಬೇಡ. ಬಂಡೆಯಲ್ಲಿರುವ ಯುರೇನಿಯಂನ ವಿಕಿರಣ ನೀರಿನ ಅಣುಗಳನ್ನು ಒಡೆಯುತ್ತದೆ, ಹಾಗೆ ಹುಟ್ಟಿದ ರಾಸಾಯನಿಕಗಳಿಂದಲೇ ಅದರ ಬದುಕು.

ದೂರೇರ ಮೇವು ಇದೇ ದಾರಿಯದು. ಆಕಾಶದಲ್ಲಿ ಸದಾ ಸುರಿಯುವ ವಿಶ್ವಕಿರಣಗಳು ಹಿಮಕ್ಕೆ ಬಡಿದಾಗ ನೀರು ಒಡೆದು ಹೈಡ್ರೋಜನ್ ಪೆರಾಕ್ಸೈಡ್, ಆಮ್ಲಜನಕದಂಥ ವಸ್ತುಗಳು ಹುಟ್ಟುತ್ತವೆ. ಗುರುವಿನ ಉಪಗ್ರಹ ಯೂರೋಪಾದ ಹಿಮದ ಮೇಲೆ ಪೆರಾಕ್ಸೈಡ್ ಇರುವುದನ್ನು ಗೆಲಿಲಿಯೋ ನೌಕೆಯ ಉಪಕರಣಗಳು ಕಂಡಿವೆ. ಅಲ್ಲಿ ಹಿಮಕ್ಕೆ ಬಡಿಯುವ ಕಣಗಳು ಗುರುಗ್ರಹದ ಬಳಿಯವು, ಕೆಲಸ ಮಾತ್ರ ಒಂದೇ. ನಕ್ಷತ್ರಗಳ ನಡುವಿನ ಕತ್ತಲಲ್ಲೂ ಹಿಮದ ಮೈಮೇಲೆ ಇಂಥ ಒಂದು ಪದರ ನಿಧಾನವಾಗಿ ಕೂಡುತ್ತದೆ. ದೂರೇರು ಅದನ್ನು ಮೇಯುತ್ತಾರೆ.

ಒಂದ ಕಡೆ ಯಾಕ ನಿಲ್ಲಂಗಿಲ್ಲ?

ಮೇಯ್ದ ಹಿಮ ಮತ್ತೆ ಚಿಗುರಬೇಕಲ್ಲ. ನಮ್ಮ ಕಥೆಯಲ್ಲಿ ಅದಕ್ಕೆ ಆರೇಳು ಸಾವಿರ ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಬೇರೆ ಉಂಡೆಗಳನ್ನು ಮೇಯ್ದು, ಸುತ್ತಿ, ಅದೇ ಜಾಗಕ್ಕೆ ವಾಪಸ್ ಬರುತ್ತಾರೆ.

ಇದನ್ನು ನಾವು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ. ನಮ್ಮ ಸೀಮೆಯಲ್ಲಿ ಸುಗ್ಗಿ ಮುಗಿದ ಎರೆಹೊಲಗಳಲ್ಲಿ ಕುರಿಹಿಂಡು ಇಳಿಯುವುದನ್ನು ನೋಡಿದವರಿಗೆ ಇದು ಗೊತ್ತು. ಹೊರಗಿನವರ ಕಣ್ಣಿಗೆ ಕುರಿಗಾರರು ಹುಲ್ಲು ಕಂಡಲ್ಲಿ ಹೋಗುವವರು. ಹತ್ತಿರ ಕೂತು ಮಾತಾಡಿಸಿದರೆ ಬೇರೆಯೇ ಚಿತ್ರ. ಯಾವ ಊರಿನಲ್ಲಿ ಯಾವ ಬೆಳೆ ಯಾವಾಗ ಎತ್ತುತ್ತಾರೆ, ಯಾರ ಹೊಲದಲ್ಲಿ ಎಷ್ಟು ರಾತ್ರಿ ಕುರಿ ನಿಲ್ಲಿಸಬೇಕು, ಅದಕ್ಕೆ ಜೋಳ ಕೊಡುತ್ತಾರೋ ದುಡ್ಡು ಕೊಡುತ್ತಾರೋ, ಹೋದ ಸಲ ಯಾರ ಜೊತೆ ಮಾತು ಕೆಟ್ಟಿತ್ತು, ಎಲ್ಲ ಮೊದಲೇ ತಲೆಯಲ್ಲಿರುತ್ತದೆ. ಗೊಬ್ಬರ ಹೊಲದವನಿಗೆ, ಮೇವು ಕುರಿಗೆ. ತುಂಗಭದ್ರಾ ಕಾಲುವೆ ಬಂದು ಎರಡು ಬೆಳೆ ಭತ್ತ ಶುರುವಾದ ಕಡೆ ಈ ದಾರಿಗಳು ಸಣ್ಣಗಾಗಿವೆ, ಸುತ್ತಿ ಹೋಗಬೇಕಾಗಿದೆ. ದಾರಿ ಬದಲಾದಾಗ ಎಷ್ಟು ಜನರ ಜೊತೆ ಹೊಸದಾಗಿ ಮಾತಾಡಬೇಕು ನೋಡಿ! ಅಲೆಮಾರಿಯ ಬದುಕು ಎಂದರೆ ಬಹುಪಾಲು ಈ ಮಾತುಕತೆಯೇ. ವಿಜ್ಞಾನ ಕಥೆಗಳ ಅಲೆಮಾರಿಗಳು ಯಾರನ್ನೂ ಕೇಳದೆ ಎಲ್ಲಿ ಬೇಕೋ ಅಲ್ಲಿ ಇಳಿಯುವುದನ್ನು ಓದಿದಾಗ ನಮಗೆ ಕಸಿವಿಸಿ. ದೂರೇರು ಹಾಗಲ್ಲ. ಯಾವ ಉಂಡೆ ಯಾರ ಸರದಿ ಎಂಬುದರ ಮೇಲೆ ಅವರ ಇಡೀ ರಾಜಕೀಯ ನಿಂತಿದೆ.

ಅವರ ಕಡೆ ನಾಯಿ ಅದಾವೇನು?

ಕನಕಗಿರಿ ಕಡೆಯ ಕುರಿಗಾರ ಅಜ್ಜನೊಬ್ಬರು ಕೇಳಿದ್ದು. ಇಲ್ಲ ಅಜ್ಜಾ. "ನಾಯಿ ಇಲ್ದ ಎಂಥಾ ತಿರುಗಾಟ" ಎಂದು ಅವರು ಎದ್ದು ಹೋದರು.

ನೋಡಾಕ ಹೆಂಗದಾರ?

ಕೈಕಾಲು, ಮುಖ, ದೊಡ್ಡ ಕಣ್ಣು ಏನೂ ಇಲ್ಲ. ಹಿಮದ ಮೇಲೆ ಹಾಸಿದ ಕಂಬಳಿಯಂಥ ಮೈ, ಅಗಲ ಎರಡು ಮೂರು ಮೀಟರ್, ಅನೇಕ ತೆಳು ಪದರಗಳು. ಒಳಗೆ ಹರಿಯುವುದು ಅಮೋನಿಯಾ ಬೆರೆತ ನೀರು. ಬರೀ ನೀರು ಸೊನ್ನೆಗೆ ಹೆಪ್ಪುಗಟ್ಟಿದರೆ ಈ ಮಿಶ್ರಣ ಸುಮಾರು −97 ಡಿಗ್ರಿ ಸೆಲ್ಸಿಯಸ್‌ವರೆಗೆ ದ್ರವವಾಗಿಯೇ ಇರಬಲ್ಲದು. ಸುತ್ತಲಿನ ಆಕಾಶ −270 ಡಿಗ್ರಿ, ಆದ್ದರಿಂದ ಅವರಿಗೂ ಬೆಚ್ಚಗಿನ ಜಾಗ ಬೇಕು. ಉಂಡೆಯ ನಡುವಿನ ಕಲ್ಲಿನಲ್ಲಿರುವ ಯುರೇನಿಯಂ, ಥೋರಿಯಂ ನಿಧಾನವಾಗಿ ಕರಗುತ್ತಾ ಬಿಡುವ ಕಾವನ್ನು ಕೂಡಿಟ್ಟುಕೊಂಡು ಒಬ್ಬರ ಮೇಲೊಬ್ಬರು ಮಲಗುತ್ತಾರೆ. ಥೋರಿಯಂ ಅರ್ಧ ಕರಗಲು 1,400 ಕೋಟಿ ವರ್ಷ ಬೇಕು, ಒಲೆ ಆರುವ ಚಿಂತೆ ಅವರಿಗಿಲ್ಲ.

ಬಣ್ಣ ಯಾವುದು ಎಂದೂ ಮಕ್ಕಳು ಕೇಳುತ್ತಾರೆ. ಬೆಳಕೇ ಇಲ್ಲದ ಕಡೆ ಬಣ್ಣಕ್ಕೆ ಅರ್ಥವಿಲ್ಲ, ನಿಮಗೆ ಇಷ್ಟವಾದದ್ದು ಬಳಿಯಿರಿ.

ಎಷ್ಟು ವರ್ಷ ಬದುಕುತ್ತಾರೆ?

ಇದು ಲೆಕ್ಕದ ಪ್ರಶ್ನೆ, ಪೆನ್ನು ತೆಗೆಯಿರಿ. ತಾಪ ಹತ್ತು ಡಿಗ್ರಿ ಇಳಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಅರ್ಧವಾಗುತ್ತದೆ ಎಂಬ ಒರಟು ಸೂತ್ರವಿದೆ. ಅಷ್ಟು ಚಳಿಯವರೆಗೆ ಅದನ್ನು ಎಳೆಯುವುದು ಸ್ವಲ್ಪ ಹೆಚ್ಚೇ ಆಯಿತು, ಆದರೂ ಕಥೆಗೆ ಅಷ್ಟು ಸಾಕು. ನಮ್ಮ ಮೈ 37 ಡಿಗ್ರಿ, ಅವರದು −90. ನಡುವೆ 127 ಡಿಗ್ರಿ, ಅಂದರೆ ಹನ್ನೆರಡು ಮುಕ್ಕಾಲು ಸಲ ಅರ್ಧ ಮಾಡಿದಂತೆ. ಗುಣಿಸಿದರೆ ಅವರ ಬದುಕು ನಮ್ಮದಕ್ಕಿಂತ ಹೆಚ್ಚುಕಡಿಮೆ 6,600 ಪಟ್ಟು ನಿಧಾನ.

ಇದರ ಮೇಲೆ ಉಳಿದದ್ದೆಲ್ಲ ನಿಂತಿದೆ. ನಮ್ಮ ಒಂದು ದಿನದ ಕೆಲಸ ಅವರಿಗೆ ಹದಿನೆಂಟು ವರ್ಷ. ನಮ್ಮ ಎಪ್ಪತ್ತರ ಆಯುಷ್ಯ ಅವರಿಗೆ ನಾಲ್ಕೂವರೆ ಲಕ್ಷ ವರ್ಷಕ್ಕೂ ಮೇಲೆ. ಇಂಥ ಮೋಡಗಳಲ್ಲಿ ಒಂದು ಉಂಡೆಯಿಂದ ಇನ್ನೊಂದಕ್ಕೆ ಕೋಟಿಗಟ್ಟಲೆ ಕಿ.ಮೀ.; ಐದು ಕೋಟಿ ಎಂದಿಟ್ಟುಕೊಂಡು ಸೆಕೆಂಡಿಗೆ ಒಂದು ಕಿ.ಮೀ. ವೇಗದಲ್ಲಿ ಹೋದರೆ ಒಂದೂವರೆ ವರ್ಷ ದಾಟುತ್ತದೆ. ದೂರೇರಿಗೆ ಅದು ಎರಡು ತಾಸಿನ ನಡಿಗೆ. ಮೇಯ್ದ ಹಿಮ ಚಿಗುರುವ ಆರೇಳು ಸಾವಿರ ವರ್ಷ ಎಂದರೆ ಅವರಿಗೊಂದು ವರ್ಷ. ಗ್ಲೀಸೆ 710 ಸೂರ್ಯನ ಬಳಿ ಬರುವ 13 ಲಕ್ಷ ವರ್ಷ ಸುಮಾರು ಮೂರು ತಲೆಮಾರು. ಇವತ್ತು ಹೊರಟವರ ಮೊಮ್ಮಕ್ಕಳು ನಮ್ಮ ಊರ್ಟ್ ಮೋಡದಲ್ಲಿ ಇಳಿಯಬಹುದು. ನಮಗೆ ಕಲ್ಪಿಸಲೂ ಆಗದ ದೂರ ಅವರಿಗೆ ಅಜ್ಜಿ ಹೇಳಬಲ್ಲಷ್ಟು ಹತ್ತಿರ.

ಗಾಳಿಯೇ ಇಲ್ಲದಲ್ಲಿ ಮಾತಾಡುವುದು ಹೇಗೆ?

ಬಡಿದು. ಬಳ್ಳಾರಿ ಹತ್ತಿರದ ಸಂಗನಕಲ್ಲು, ಕುಪ್ಪಗಲ್ಲು ಬೆಟ್ಟಗಳಲ್ಲಿ ಕರಿಬಂಡೆಗಳಿವೆ, ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ. ನವಶಿಲಾಯುಗದ ಜನ ಅಲ್ಲಿ ದನ, ಮನುಷ್ಯರ ಚಿತ್ರ ಕೆತ್ತಿದ್ದಾರೆ, ಬಂಡೆಗಳನ್ನು ಬಡಿದ ಗುರುತೂ ಉಳಿದಿದೆ. ಮಾತು ಗಾಳಿಯಲ್ಲೇ ಹೋಗಬೇಕೆಂದಿಲ್ಲ, ಬಂಡೆಯಲ್ಲಿ ಹೋದರೂ ಆದೀತು ಎಂಬುದು ನಮಗೆ ಹೊಳೆದದ್ದು ಅಲ್ಲಿಯೇ. ದೂರೇರು ಹಿಮವನ್ನು ತಟ್ಟುತ್ತಾರೆ, ಉಂಡೆಯ ಆಚೆ ಬದಿಯವರು ಮೈಯಿಂದ ಕೇಳುತ್ತಾರೆ. ಬೇರೆ ಉಂಡೆಯವರಿಗೆ ಹೇಳಬೇಕಾದರೆ ಮೈ ಪದರ ಎತ್ತಿ ಇಳಿಸಿ ಒಳಗಿನ ಕಾವನ್ನು ಮಿನುಗಿಸುತ್ತಾರೆ.

ನಮಗೆ ಒಂದು ಸೆಕೆಂಡು ಹಿಡಿಯುವ ಮಾತು ಅವರ ಲೆಕ್ಕದಲ್ಲಿ ಸುಮಾರು ಎರಡು ತಾಸಿನದು. ಮೊದಲ ಕಥೆಯಲ್ಲಿ ರಾಯಚೂರಿನ ಭೂವಿಜ್ಞಾನಿ ಅಕ್ಕ ಹಿಮದ ಕಂಪನದ ದಾಖಲೆಯನ್ನು ಮೂರು ತಿಂಗಳು ಬಿಡದೆ ನೋಡಿದ್ದಕ್ಕೆ ಅದು ಮಾತು ಎಂದು ಗೊತ್ತಾಯಿತು. ಅವಳ ಮೇಲಧಿಕಾರಿ ವಾರಕ್ಕೇ ಉಪಕರಣ ಬಿಚ್ಚಲು ಹೇಳಿದ್ದ.

ಬರವಣಿಗೆ ಇಲ್ಲದೆ ಲಕ್ಷ ವರ್ಷದ ನೆನಪು ಹೇಗೆ ಉಳಿಯುತ್ತದೆ?

ಬರೆಯದವರಿಗೆ ನೆನಪಿರದು ಎಂಬುದು ಬರೆಯುವವರ ಭ್ರಮೆ. ಬಳ್ಳಾರಿ ಜಿಲ್ಲೆಯ ದರೋಜಿ ಈರಮ್ಮ ಅಲೆಮಾರಿ ಬುಡ್ಗ ಜಂಗಮ ಸಮುದಾಯದವರು, ಬುರ್ರಕಥಾ ಈರಮ್ಮ ಎಂದೇ ಹೆಸರಾದವರು. ಅಕ್ಷರ ಕಲಿತಿರಲಿಲ್ಲ. ರಾತ್ರಿಗಟ್ಟಲೆ ಹಾಡುವ ಹಲವು ಮಹಾಕಾವ್ಯಗಳು ಅವರ ನಾಲಗೆಯ ಮೇಲಿದ್ದವು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಅವರು ಹಾಡಿದ್ದನ್ನು ಬರೆದುಕೊಂಡವರು ಬೇರೆಯವರು.

ದೂರೇರಲ್ಲಿ ಒಂದು ಮಾರ್ಪಾಡು ಮಾಡಿದೆವು. ಯಾವ ಗುಂಪಿಗೂ ಪೂರ್ತಿ ಹಾಡು ಬರುವುದಿಲ್ಲ. ದಾರಿ, ಸರದಿ, ಸಾಲ, ಬರಲಿರುವ ನಕ್ಷತ್ರಗಳ ಲೆಕ್ಕ ಎಲ್ಲ ಹಾಡಿನಲ್ಲೇ ಇದೆ, ಒಂದೊಂದು ಗುಂಪು ಒಂದೊಂದು ಕಾಂಡ ಹೊತ್ತಿದೆ. ಎರಡು ಗುಂಪು ಸೇರಿದಾಗ ಮಾತ್ರ ಒಂದರ ಕಾಂಡಕ್ಕೆ ಇನ್ನೊಂದರ ಕಾಂಡ ಕೂಡುತ್ತದೆ. ಮಕ್ಕಳು ಹುಟ್ಟುವುದೂ ಆಗಲೇ, ಬೇರೆ ಗುಂಪಿನ ಪದರ ಬೆರೆಯದೆ ಹೊಸ ಮೈ ಆಗುವುದಿಲ್ಲ. ಯಾರನ್ನೂ ಸೇರದ ಗುಂಪು ಮಕ್ಕಳನ್ನೂ ಕಳೆದುಕೊಳ್ಳುತ್ತದೆ, ದಾರಿಯನ್ನೂ.

ಅವರು ನಮ್ಮ ಸೂರ್ಯನ ಕಡೆ ಮೊದಲೇ ಬಂದಿದ್ದರಾ?

ಕಥೆಯಲ್ಲಿ, ಹೌದು. ಲಕ್ಷಾಂತರ ವರ್ಷಗಳ ಹಿಂದೆ ಒಂದು ಗುಂಪು ಇಲ್ಲಿ ಮೇಯ್ದು, ನಿಧಾನಕ್ಕೆ ಹಾದುಹೋದ ಒಂದು ನಕ್ಷತ್ರ ಹತ್ತಿ ಹೊರಟುಹೋಯಿತು. ಬಿಟ್ಟುಹೋದ ಗುರುತು, ಕೆಲವು ಧೂಮಕೇತುಗಳ ಮೈಮೇಲೆ ಸಾಲುಸಾಲಾಗಿ ಕೆರೆದ ಪಟ್ಟೆಗಳು. ಮನುಷ್ಯರು ಅದನ್ನು ಮೊದಲು ಕಂಡಾಗ ಹಿಮ ಬಿರಿದದ್ದು ಎಂದುಕೊಂಡರು.

ಇದಕ್ಕೆ ಮಾದರಿ ಬಳ್ಳಾರಿ ಸೀಮೆಯ ಬೂದಿಗುಡ್ಡಗಳು. ಕುಡುತಿನಿಯ ಹತ್ತಿರ ಹೆದ್ದಾರಿ ಪಕ್ಕದಲ್ಲೇ ಒಂದಿದೆ, ಬಸ್ಸಿನಲ್ಲಿ ಹೋಗುವವರು ಯಾವುದೋ ಮಣ್ಣಿನ ದಿಬ್ಬ ಎಂದುಕೊಳ್ಳುತ್ತಾರೆ. ಹಂಪಿ ಬಳಿಯ ನಿಂಬಾಪುರದ್ದನ್ನು ವಾಲಿಯ ಚಿತೆಯ ಬೂದಿ ಎನ್ನುತ್ತಾರೆ. ಹೋದ ಶತಮಾನಗಳ ವಿದ್ವಾಂಸರೂ ಕಡಿಮೆ ತರ್ಕ ಮಾಡಲಿಲ್ಲ, ಜ್ವಾಲಾಮುಖಿಯಿಂದ ಹಿಡಿದು ಏನೇನೋ. ಕೊನೆಗೆ ತಿಳಿದದ್ದು, ಅದು ಸಗಣಿ. ಸಾವಿರಾರು ವರ್ಷಗಳ ಹಿಂದಿನ ದನಗಾಹಿಗಳು ತಮ್ಮ ದೊಡ್ಡಿಗಳಲ್ಲಿ ಕೂಡಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟ ಬೂದಿ. ಈಗಿನ ತೆಲಂಗಾಣದ ಉಟ್ನೂರಿನ ಬೂದಿಗುಡ್ಡವನ್ನು 1957ರಲ್ಲಿ ರೇಮಂಡ್ ಆಲ್ಚಿನ್ ಅಗೆದಾಗ ದನದ ಗೊರಸಿನ ಗುರುತುಗಳೇ ಸಿಕ್ಕವು. ಅರಮನೆ ಕಟ್ಟಿದವರ ಇತಿಹಾಸ ಹುಡುಕುವವರಿಗೆ ಸಗಣಿಯಲ್ಲಿ ಇತಿಹಾಸ ಇದೆ ಎಂದು ಹೊಳೆಯಲು ಹೊತ್ತು ಹಿಡಿಯುತ್ತದೆ. ಸಂಗನಕಲ್ಲಿನ ವಸ್ತುಗಳನ್ನು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಬೂದಿಗುಡ್ಡವನ್ನು ಅದು ಇದ್ದಲ್ಲೇ ಹೋಗಿ ನೋಡಿ, ಆದರೆ ಹತ್ತಿ ಕೆದಕಬೇಡಿ.

2017ರಲ್ಲಿ ಬಂದ ಔಮುವಾಮುವಾ ದೂರೇರ ಹಡಗಾ?

ಅಲ್ಲ. ಬೇರೆ ನಕ್ಷತ್ರದ ಕಡೆಯಿಂದ ಬಂದದ್ದೆಂದು ನಾವು ಗುರುತಿಸಿದ ಮೊದಲ ವಸ್ತು ಅದು, ಹವಾಯಿಯ ದೂರದರ್ಶಕಕ್ಕೆ ಅಕ್ಟೋಬರ್ 19ರಂದು ಕಂಡದ್ದು. ನಕ್ಷತ್ರಗಳ ನಡುವೆ ಅದರ ವೇಗ ಸೆಕೆಂಡಿಗೆ ಸುಮಾರು 26 ಕಿ.ಮೀ. ಆ ವೇಗದಲ್ಲಿ 4.24 ಜ್ಯೋತಿರ್ವರ್ಷ ದೂರದ, ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾಗೆ ಹೋಗಲು 49,000 ವರ್ಷ ಬೇಕು. 2019ರ ಬೋರಿಸೊವ್, 2025ರ ಅಟ್ಲಾಸ್ ಕೂಡ ಹೀಗೇ ಹೊರಗಿನಿಂದ ಬಂದವು. ಆಕಾಶದಲ್ಲಿ ವಿಚಿತ್ರವಾದದ್ದು ಕಂಡ ತಕ್ಷಣ ಅನ್ಯಲೋಕದ ಹಡಗು ಎನ್ನುವ ಚಟ ನಮಗಿಲ್ಲ. ಅಷ್ಟಕ್ಕೂ ದೂರೇರು ಸೂರ್ಯನಂಥ ಸುಡುವ ಜಾಗದ ಬಳಿ ಸುಳಿಯುವವರಲ್ಲ.

ಕಥೆಯ ಸರ್ಕಾರ ಅವರನ್ನು ಅಪಾಯಕಾರಿ ಎಂದು ಪಟ್ಟಿ ಮಾಡುತ್ತದೆ. ಅವರು ಏನೂ ಮಾಡಿಲ್ಲವಲ್ಲ?

ಏನೂ ಮಾಡಿಲ್ಲ. ಒಂದು ಕಡೆ ನಿಲ್ಲುವುದಿಲ್ಲ, ಅಷ್ಟೇ. ಈ ಭಾಗವನ್ನು ಅತಿ ಎಂದವರಿದ್ದಾರೆ. ಅವರಿಗೆ ನಮ್ಮ ಉತ್ತರ ಇಲ್ಲಿನ ಇತಿಹಾಸವೇ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಹುಟ್ಟಿನಿಂದಲೇ ಇಡೀ ಸಮುದಾಯವನ್ನು ಅಪರಾಧಿಗಳೆಂದು ದಾಖಲಿಸಿ, ಹಾಜರಿ ಹಾಕಿಸಿ, ಪರವಾನಗಿ ಇಲ್ಲದೆ ಊರು ಬಿಡದಂತೆ ಮಾಡುವ ಕಾನೂನು ಅದು. 1911ರ ಕಾಯ್ದೆಯಿಂದ ಮದ್ರಾಸ್ ಪ್ರಾಂತ್ಯಕ್ಕೂ ಬಂತು, ಬಳ್ಳಾರಿ ಆಗ ಆ ಪ್ರಾಂತ್ಯದಲ್ಲಿತ್ತು. ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗಿ ವ್ಯಾಪಾರ ಮಾಡುತ್ತಿದ್ದ ಕೊರಚ, ಕೊರವರಂಥ ಸಮುದಾಯಗಳು ಪಟ್ಟಿಗೆ ಸೇರಿದವು. ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರಲ್ಲಿ. ಹಣೆಪಟ್ಟಿ ಇನ್ನೂ ಪೂರ್ತಿ ಹೋಗಿಲ್ಲ ಎಂಬುದು ಊರ ಹೊರಗೆ ಗುಡಾರ ಹಾಕಿದವರನ್ನು ಜನ ನೋಡುವ ರೀತಿಯಲ್ಲೇ ಗೊತ್ತಾಗುತ್ತದೆ.

ಕಥೆಯ ಸರ್ಕಾರ ಒರಟಾಗಿ ಮಾತಾಡುವುದಿಲ್ಲ. ಅವರಿಗೆ ಒಳ್ಳೆಯದಾಗಲಿ ಎಂದೇ ಒಂದು ಖಾಯಂ ಉಂಡೆ ಕೊಟ್ಟು, ಅದರ ಸುತ್ತ ನಿಗಾ ನೌಕೆ ನಿಲ್ಲಿಸುತ್ತದೆ. ಮೇವು ಮುಗಿದ ಮೇಲೆ ಏನು ಎಂದು ಯಾರೂ ಕೇಳುವುದಿಲ್ಲ.

ನಕ್ಷೆಯ 'ಖಾಲಿ' ಪದದ ಮೇಲೆ ನಿಮಗೆ ಅಷ್ಟು ಸಿಟ್ಟೇಕೆ?

ಖಾಲಿ ಎಂದು ಬರೆಯುವವರು ಸಾಮಾನ್ಯವಾಗಿ ಆಮೇಲೆ ಬರುವವರು, ಅದಕ್ಕೆ. ಊರಿನ ಗೋಮಾಳ ನೋಡಿ. ಬೆಳೆ ಇಲ್ಲ, ಮನೆ ಇಲ್ಲ, ಬೇಸಿಗೆಯ ಮಧ್ಯಾಹ್ನ ಹೋದರೆ ಒಂದು ನರಪಿಳ್ಳೆಯೂ ಇಲ್ಲ. ಕಾಗದದಲ್ಲಿ ಬೇರೆ ಕೆಲಸಕ್ಕೆ ತೋರಿಸಲು ಅನುಕೂಲ. ಮಳೆ ಬಿದ್ದ ಮೇಲೆ ಹೋದರೆ ಯಾರ ಯಾರ ದನ, ಕುರಿ ಅಲ್ಲಿವೆ ಎಂದು ಗೊತ್ತಾಗುತ್ತದೆ. ಸರ್ವೆ ಮಾಡಿದ ದಿನ ಯಾರೂ ಇರಲಿಲ್ಲ ಎಂಬುದೂ ಯಾರದೂ ಅಲ್ಲ ಎಂಬುದೂ ಬೇರೆ ಬೇರೆ. ದೂರೇರ ಉಂಡೆಗಳು ಆರು ಸಾವಿರ ವರ್ಷ ಬರಿದಾಗಿಯೇ ಇರುತ್ತವೆ. ಆ ನಡುವೆ ಮನುಷ್ಯರ ನೌಕೆ ಬಂದು, ಅಳೆದು, ಗೂಟ ನೆಟ್ಟು, ಹಿಮ ಕಡಿದು ಇಂಧನ ಮಾಡಿಕೊಳ್ಳುತ್ತದೆ. ಸರದಿಯವರು ಬಂದಾಗ ಉಂಡೆಯೇ ಇರುವುದಿಲ್ಲ. ಸರಣಿಯ ಜಗಳವೆಲ್ಲ ಇದರ ಸುತ್ತಲೇ, ಇದರಲ್ಲಿ ನಾವು ಯಾರ ಕಡೆ ಎಂಬುದನ್ನು ಮುಚ್ಚಿಡುವ ಇಚ್ಛೆಯೂ ಇಲ್ಲ.

ದೇವರು, ಪೂಜೆ?

ಇದೆ. ಐದನೇ ಕಥೆಯವರೆಗೆ ತಾಳ್ಮೆ ಇರಲಿ.

ದೂರೇರಿಗೆ ಕನ್ನಡ ಸಿಗುತ್ತದಾ?

ಸಿಗುವ ಸಾಧ್ಯತೆ ಇಟ್ಟಿದ್ದೇವೆ. ವಾಯೇಜರ್ ನೌಕೆಗಳಲ್ಲಿರುವ ಚಿನ್ನದ ಲೇಪದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯವಿದೆ, ಅದರಲ್ಲಿ ಕನ್ನಡವೂ ಒಂದು. ಮಕ್ಕಳಿಗೆ ಇದನ್ನು ಹೇಳಿದಾಗ ನಂಬುವುದಿಲ್ಲ. ಯಾವತ್ತೋ ಒಂದು ದಿನ ಆ ತಟ್ಟೆ ದೂರೇರಿಗೆ ಸಿಕ್ಕರೂ ತೊಂದರೆ ಇನ್ನೊಂದಿದೆ: ನಮ್ಮ ಕೆಲವು ಸೆಕೆಂಡುಗಳ ನಮಸ್ಕಾರ ಅವರಿಗೆ ಒಂದು ಸಣ್ಣ ಚಿಟಿಕೆಯಷ್ಟೂ ಅಲ್ಲ. ಆರು ಸಾವಿರ ಪಟ್ಟು ನಿಧಾನವಾಗಿ ತಟ್ಟಿ ಕೇಳಿಸಬೇಕು. ರಾಯಚೂರಿನ ಅಕ್ಕ ಮಾಡುವುದು ಅದನ್ನೇ.

ಗ್ಲೀಸೆ 710 ನಮ್ಮೂರಿಂದ ಕಾಣ್ತದೇನ್ರಿ?

ಬರಿಗಣ್ಣಿಗೆ ಇಲ್ಲ, ಸಣ್ಣ ದೂರದರ್ಶಕಕ್ಕೆ ಕಾಣುತ್ತದೆ. ಸೂರ್ಯನಿಗಿಂತ ಚಿಕ್ಕ, ಕೇಸರಿ ಬಣ್ಣದ ನಕ್ಷತ್ರ. ಮಳೆ ಹಿಂದೆ ಸರಿದ ಅಕ್ಟೋಬರ್ ಸಂಜೆಗಳಲ್ಲಿ ಶ್ರವಣ ನಕ್ಷತ್ರ ಹುಡುಕಿಕೊಳ್ಳಿ, ಅದರಿಂದ ಪಶ್ಚಿಮಕ್ಕೆ ಸರ್ಪದ ಬಾಲ ಎನ್ನುವ ಭಾಗದಲ್ಲಿದೆ, ನಕ್ಷೆ ಜೊತೆಗಿದ್ದರೆ ಸಿಗುತ್ತದೆ. ತೋರಣಗಲ್ಲು, ಗಿಣಿಗೇರಾ ಕಡೆಯ ಕಾರ್ಖಾನೆಗಳ ಬೆಳಕು ಅಡ್ಡ ಬರುತ್ತದೆ; ಕತ್ತಲೆಯ ಬಯಲು ಹುಡುಕಿಕೊಂಡು ಹೋಗಿ. ಅದು ಹತ್ತಿರ ಬಂದ ಕಾಲಕ್ಕೆ ಈಗ ಕಾಣುವ ಎಲ್ಲ ನಕ್ಷತ್ರಗಳಿಗಿಂತ ಪ್ರಕಾಶಮಾನವಾಗಿರುತ್ತದೆ.

ನಾವೂ ದೂರೇರ ಕಥೆ ಬರೆಯಬಹುದಾ? ನಾಟಕ ಆಡಬಹುದಾ?

ಧಾರಾಳವಾಗಿ. ಹಣ ಕೊಡಬೇಕಿಲ್ಲ, ಒಪ್ಪಿಗೆ ಕೇಳಬೇಕಿಲ್ಲ. ಎರಡು ಕಟ್ಟಳೆ ಮಾತ್ರ: ಬೆಳಕಿನ ವೇಗ ಮೀರುವಂತಿಲ್ಲ, ದೂರೇರನ್ನು ಕೊನೆಯ ದೃಶ್ಯದಲ್ಲಿ ಒಂದು ಗ್ರಹದಲ್ಲಿ ಖಾಯಂ ನೆಲೆ ಕೊಟ್ಟು ಸುಖವಾಗಿರಿಸುವಂತಿಲ್ಲ. ಬೇರೆ ಏನು ಬೇಕಾದರೂ ಮಾಡಿ, ಆ ಅಜ್ಜನ ಮಾತು ಕೇಳಿ ನಾಯಿ ಸೇರಿಸಿದರೂ ಸರಿ. ರಂಗದ ಮೇಲೆ ಆಡುವವರಿಗೆ ಒಂದು ಸಲಹೆ, ಅವರ ನಿಧಾನವನ್ನು ಪೂರ್ತಿ ತೋರಿಸಲು ಹೋಗಬೇಡಿ, ನೋಡುವವರು ಎದ್ದು ಊಟಕ್ಕೆ ಹೋಗುತ್ತಾರೆ. ಮಾತಿನ ಬದಲು ಡೊಳ್ಳಿನ ಒಂದೊಂದೇ ಪೆಟ್ಟು ಬಳಸಿ, ಮನುಷ್ಯರ ಪಾತ್ರಗಳನ್ನು ಓಡಾಡಿಸಿ. ವೇಷಕ್ಕೆ ಹಳೆಯ ಕರಿ ಕಂಬಳಿ ಸಾಕು; ಆಡುವ ದಿನ ಒಳಗೆ ಸೆಕೆ ಜಾಸ್ತಿ ಇರುತ್ತದೆ, ಮಕ್ಕಳಿಗೆ ನಡುನಡುವೆ ನೀರು ಕುಡಿಸಿ.